ಸೆಣಬಿನ ಬಟ್ಟೆಯಿಂದ ಕಾಂಪೊಸಿಟ್ ಹಲಗೆ: ಗುಳ್ಳೆ ಬರದಂತೆ, ಪದರ ಬಿಡದಂತೆ ಮಾಡುವ ಕ್ರಮ

ಹಲಗೆ ಅಚ್ಚಿನಿಂದ ಬಿಚ್ಚಿದಾಗ ಚೆನ್ನಾಗಿಯೇ ಕಾಣುತ್ತದೆ. ಎರಡು ದಿನ ಬಿಟ್ಟು ಬಾಗಿಸಿದರೆ ಚರ್ ಅಂತ ಸದ್ದು ಬಂದು ಪದರ ಬಿಡುತ್ತದೆ. ಇಲ್ಲವೇ ಮೈತುಂಬ ಸಾಸಿವೆ ಗಾತ್ರದ ಗುಳ್ಳೆ. ಇಲ್ಲವೇ ಅಲ್ಲಲ್ಲಿ ತೆಳು ಬಣ್ಣದ ಒಣ ಮಚ್ಚೆ. ಸಸ್ಯದ ನಾರಿನಿಂದ ಕಾಂಪೊಸಿಟ್ (ರೆಸಿನ್ ಎಂಬ ಗಟ್ಟಿಯಾಗುವ ಅಂಟಿನಲ್ಲಿ ನಾರನ್ನು ಕೂರಿಸಿದ ವಸ್ತು) ಮಾಡಲು ಹೋಗಿ ಕೈಚೆಲ್ಲಿದವರ ಹಲಗೆಗಳನ್ನು ಕತ್ತರಿಸಿ ನೋಡಿದಾಗಲೆಲ್ಲ ನನಗೆ ಸಿಕ್ಕಿದ್ದು ಈ ಮೂರೇ ತೊಂದರೆ. ಹೆಚ್ಚಿನವರು ರೆಸಿನ್ ಸರಿ ಇಲ್ಲ ಅಂತ ಬೈಯುತ್ತಾರೆ. ರೆಸಿನ್‌ನದ್ದು ಅಷ್ಟೇನೂ ತಪ್ಪಿರುವುದಿಲ್ಲ. ಗ್ಲಾಸ್ ಫೈಬರ್‌ಗೆ ಮಾಡುವ ಹಾಗೆಯೇ ಸೆಣಬಿಗೂ ಮಾಡಿರುತ್ತಾರೆ, ಅಲ್ಲೇ ಎಡವಟ್ಟಾಗುವುದು.

ಗಾಜಿನ ಎಳೆ ತನ್ನೊಳಗೆ ನೀರು ಹಿಡಿದಿಡುವುದಿಲ್ಲ. ಸೆಣಬು ಹಿಡಿದಿಡುತ್ತದೆ. ಮಾಮೂಲಿ ತೇವ ಇರುವ ಕೋಣೆಯಲ್ಲಿ ಸುಮ್ನೆ ಬಿದ್ದಿರುವ ಸೆಣಬಿನ ಬಟ್ಟೆಯ ತೂಕದಲ್ಲಿ ಶೇ. 10ರ ಆಸುಪಾಸು ನೀರೇ ಇರಬಹುದು. ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಅದೇ ಮೋಸ. ಆ ನೀರು ರೆಸಿನ್ ಅಂಟುವುದಕ್ಕೂ ಅಡ್ಡ ಬರುತ್ತದೆ, ಗಟ್ಟಿಯಾಗುವಾಗ ಆವಿಯಾಗಿ ಗುಳ್ಳೆಯನ್ನೂ ಮಾಡುತ್ತದೆ.

ಉದಾಹರಣೆಗೆ 30 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ, ನಾಲ್ಕು ಪದರದ ಸೆಣಬು ಮತ್ತು ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ರೆಸಿನ್) ಹಲಗೆಯನ್ನು ತೆಗೆದುಕೊಂಡಿದ್ದೇನೆ. ಅಗಸೆ, ಕತ್ತಾಳೆ, ಬಾಳೆ, ಪುಂಡಿ ನಾರಿಗೂ ಕ್ರಮ ಇದೇ. ಅಂಕಿಗಳು ಬದಲಾಗುತ್ತವೆ, ಅಷ್ಟೆ.

## ಮೊದಲು ಇವೆಲ್ಲ ಕೈಗೆ ಸಿಗುವಂತಿರಲಿ

ಎಲ್ಲಕ್ಕಿಂತ ಮೊದಲು ತೂಕದ ಯಂತ್ರ. 0.1 ಗ್ರಾಂವರೆಗೆ ತೋರಿಸುವಂಥದ್ದು. ಇದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಪಂಪ್ ಇಲ್ಲದೆಯೂ ಒಂದು ಮಟ್ಟದ ಹಲಗೆ ಮಾಡಬಹುದು, ತೂಕವಿಲ್ಲದೆ ಆಗುವುದಿಲ್ಲ.

ಆಮೇಲೆ 105 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವ ಓವನ್. ಅಡುಗೆಗೆ ಬಳಸುವ ಓವನ್ ಬೇಡ, ಬೆಂಕಿಯ ಜ್ವಾಲೆ ಇರುವಂಥದ್ದಂತೂ ಬೇಡವೇ ಬೇಡ. ಗಾಳಿಯಾಡದಂತೆ ಮುಚ್ಚುವ ದಪ್ಪ ಪ್ಲಾಸ್ಟಿಕ್ ಚೀಲಗಳು, ತೇವ ಹೀರುವ ಸಿಲಿಕಾ ಜೆಲ್, ಆಮ್ಲ-ಕ್ಷಾರ ತೋರಿಸುವ ಪಿಎಚ್ ಪಟ್ಟಿ, ಸಾಣೆ ಹಿಡಿದ ಕತ್ತರಿ. ಅಚ್ಚಿಗೆ ದಪ್ಪ ಗಾಜು ಅಥವಾ ನಯವಾದ ಅಲ್ಯೂಮಿನಿಯಂ ತಗಡು, ಹಲಗೆಗಿಂತ ಎಲ್ಲ ಕಡೆ 10 ಸೆಂ.ಮೀ. ದೊಡ್ಡದು. ಅಚ್ಚು ಬಿಡಿಸುವ ಮೇಣ. ಗಾಳಿ ಹೊರಗೆ ತಳ್ಳಲು ತೋಡುಗಳಿರುವ ಲೋಹದ ರೋಲರ್, ರಬ್ಬರ್ ಪಟ್ಟಿ.

ವ್ಯಾಕ್ಯೂಮ್‌ನಲ್ಲಿ, ಅಂದರೆ ಹಲಗೆಯನ್ನು ಹಾಳೆಯಿಂದ ಮುಚ್ಚಿ ಒಳಗಿನ ಗಾಳಿ ಎಳೆದು ಒತ್ತುವಂತೆ, ಮಾಡುವವರಿಗೆ ಪಂಪ್, ಒತ್ತಡ ತೋರಿಸುವ ಗೇಜ್, ರೆಸಿನ್ ಪಂಪ್‌ಗೆ ಹೋಗದಂತೆ ಹಿಡಿಯುವ ಡಬ್ಬಿ, ಅಂಚು ಗಾಳಿ ಸೋರದಂತೆ ಅಂಟಿಸುವ ಸೀಲಂಟ್ ಟೇಪ್, ಮೇಲೆ ಮುಚ್ಚುವ ಬ್ಯಾಗ್ ಹಾಳೆ, ಪೀಲ್ ಪ್ಲೈ (ಹಲಗೆ ಗಟ್ಟಿಯಾದ ಮೇಲೆ ಸುಲಿದು ತೆಗೆಯುವ ಬಟ್ಟೆ), ರೆಸಿನ್‌ಗೆ ಅಂಟದ, ತೂತುಗಳಿರುವ ರಿಲೀಸ್ ಹಾಳೆ, ಗಾಳಿಗೆ ದಾರಿ ಬಿಟ್ಟು ಹೆಚ್ಚಾದ ರೆಸಿನ್ ಹೀರುವ ಬ್ರೀದರ್ ಬಟ್ಟೆ ಬೇಕು.

ಎಪಾಕ್ಸಿಗೆ ನಿಧಾನದ ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ತೆಗೆದುಕೊಳ್ಳಿ. 25 ಡಿಗ್ರಿಯಲ್ಲಿ ಒಂದು ಗಂಟೆಯಾದರೂ ಗಟ್ಟಿಯಾಗದೆ ಕೆಲಸಕ್ಕೆ ಸಿಗುವಂತಿರಬೇಕು. ಗಾಜಿಗೆ ಹೋಲಿಸಿದರೆ ಸಸ್ಯದ ನಾರು ರೆಸಿನ್ ಕುಡಿಯಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಹತ್ತು ನಿಮಿಷದ ಹಾರ್ಡನರ್ ಹಾಕಿ ಓಡಾಡುವುದು ಯಾಕೆ?

ಪಾಲಿಯೆಸ್ಟರ್ ರೆಸಿನ್ ಬಳಸುವವರಿಗೆ ಒಂದು ಎಚ್ಚರಿಕೆ. ಪೆರಾಕ್ಸೈಡ್ ಕ್ಯಾಟಲಿಸ್ಟ್ (ಗಟ್ಟಿಯಾಗುವುದನ್ನು ಶುರು ಮಾಡುವುದು) ಮತ್ತು ಕೋಬಾಲ್ಟ್ ಆಕ್ಸಿಲರೇಟರ್ (ಅದರ ವೇಗ ಹೆಚ್ಚಿಸುವುದು) ಎರಡನ್ನೂ ಯಾವತ್ತೂ ನೇರವಾಗಿ ಒಂದಕ್ಕೊಂದು ಸೇರಿಸಬೇಡಿ. ಸ್ಫೋಟವೇ ಆಗಬಹುದು. ಮೊದಲು ಒಂದನ್ನು ರೆಸಿನ್‌ಗೆ ಪೂರ್ತಿ ಕಲಸಿ, ಆಮೇಲೆ ಇನ್ನೊಂದು.

ನೈಟ್ರೈಲ್ ಕೈಗವಸು, ಕನ್ನಡಕ, ಧೂಳಿನ ಮಾಸ್ಕ್ ಪ್ರತಿ ಸಲವೂ ಬೇಕು. ಎಪಾಕ್ಸಿ ಚರ್ಮಕ್ಕೆ ತಾಗುತ್ತಲೇ ಇದ್ದರೆ ಒಂದು ದಿನ ಅಲರ್ಜಿ ಶುರುವಾಗಬಹುದು. ಒಮ್ಮೆ ಶುರುವಾದರೆ ಸಾಮಾನ್ಯವಾಗಿ ಹೋಗುವುದಿಲ್ಲ. ಕೈಗೆ ಅಂಟಿದ್ದನ್ನು ಅಸಿಟೋನ್‌ನಿಂದ ಒರೆಸಬೇಡಿ, ಅದು ರೆಸಿನ್ ಅನ್ನು ಇನ್ನಷ್ಟು ಒಳಗೆ ಇಳಿಸುತ್ತದೆ. ಸೋಪು ನೀರು ಸಾಕು.

## ಹಂತ 1: ಬಟ್ಟೆ ಆರಿಸುವುದು, ಹನಿ ಪರೀಕ್ಷೆ

ಎಳೆಯ ಹುರಿ ನೋಡಿ. ಬಿಗಿಯಾಗಿ ಹುರಿ ಹಾಕಿದ ಎಳೆಯ ಒಳಕ್ಕೆ ರೆಸಿನ್ ಇಳಿಯುವುದಿಲ್ಲ. ಹೊರಗೆ ಒದ್ದೆ, ಒಳಗೆ ಒಣ. ಜೊತೆಗೆ ಹುರಿ ಜಾಸ್ತಿಯಾದಷ್ಟೂ ನಾರು ಓರೆಯಾಗಿ ಕೂತಿರುತ್ತದೆ, ಬಲ ಬಿದ್ದಾಗ ನೇರವಾಗಿ ಹೊರುವುದಿಲ್ಲ. ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಹುರಿಗೆ ಎದುರಾಗಿ ತಿರುಗಿಸಿ. ಸ್ವಲ್ಪಕ್ಕೇ ಬಿಚ್ಚಿಕೊಂಡು ನಾರು ಹರಡಿದರೆ ಒಳ್ಳೆಯ ಬಟ್ಟೆ.

ಬಲ ಮುಖ್ಯವಾದರೆ ನಾನು ಹೇಳಿದ ನಾರುಗಳಲ್ಲಿ ಅಗಸೆ ಮೇಲು. ತೆಂಗಿನ ನಾರು ಹಿಗ್ಗುತ್ತದೆ, ಬಡಿತ ತಡೆಯುತ್ತದೆ, ಆದರೆ ಬಿಗಿತ ಕಡಿಮೆ. ಅದರಿಂದ ಬಾಗದ ಹಲಗೆ ನಿರೀಕ್ಷಿಸಬೇಡಿ.

ಈಗ ಹನಿ ಪರೀಕ್ಷೆ. ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಕೆಲವೇ ಸೆಕೆಂಡಲ್ಲಿ ಇಂಗಿದರೆ ಸರಿ. ಕಮಲದ ಎಲೆಯ ಮೇಲಿನ ಹಾಗೆ ಮುತ್ತಾಗಿ ಕೂತರೆ ಬಟ್ಟೆಯಲ್ಲಿ ಎಣ್ಣೆ ಇದೆ ಎಂದರ್ಥ. ಸೆಣಬನ್ನು ನೂಲುವ ಮುಂಚೆ ಮೆತ್ತಗಾಗಲಿ ಅಂತ ಎಣ್ಣೆ ಬೆರೆಸಿದ ನೀರು ಚಿಮುಕಿಸುವುದು ಗಿರಣಿಗಳ ಪದ್ಧತಿ. ಚೀಲದ ಬಟ್ಟೆಯಲ್ಲಿ ಅದು ಉಳಿದೇ ಇರುತ್ತದೆ. ನನ್ನ ಮೊದಲ ಮೂರು ಹಲಗೆ ಹಾಳಾಗಿದ್ದು ಇದರಿಂದಲೇ. ಪದರ ಪದರವಾಗಿ ಪುಸ್ತಕದ ಹಾಳೆಯಂತೆ ಬಿಡಿಸಿಕೊಂಡು ಬಂತು. ಬಿಟ್ಟ ಜಾಗ ಮೂಸಿದಾಗ ಸೀಮೆಎಣ್ಣೆಯಂಥ ವಾಸನೆ. ಆಗ ಗೊತ್ತಾಯಿತು.

## ಹಂತ 2: ತೊಳೆಯುವುದು

ಬೇಕಾದ ಅಳತೆಗಿಂತ ದೊಡ್ಡ ತುಂಡನ್ನೇ ತೊಳೆಯಿರಿ. ಈಗಲೇ ಅಳತೆಗೆ ಕತ್ತರಿಸಬೇಡಿ, ಬಟ್ಟೆ ಕುಗ್ಗುತ್ತದೆ. ಈ ಒಂದು ಅವಸರದಿಂದ 30 ಸೆಂ.ಮೀ. ತುಂಡು 28 ಆಗಿ ಕೂತದ್ದನ್ನು ನೋಡಿದ್ದೇನೆ.

60 ಡಿಗ್ರಿಯ ನೀರಿಗೆ ಸ್ವಲ್ಪ ಸೌಮ್ಯವಾದ ಡಿಟರ್ಜೆಂಟ್ ಹಾಕಿ, ಅರ್ಧ ಗಂಟೆ ನೆನೆಸಿ. ಉಜ್ಜಬೇಡಿ, ಎಳೆ ಜರುಗುತ್ತದೆ. ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ, ಹಿಂಡದೆ ಮಟ್ಟಸವಾಗಿ ಹರಡಿ ಒಣಗಿಸಿ. ಬಟ್ಟೆ ಮೆತುಗೊಳಿಸುವ ದ್ರವ ಹಾಕಲೇಬೇಡಿ, ಎಣ್ಣೆ ತೆಗೆದು ಇನ್ನೊಂದು ಎಣ್ಣೆ ಹಚ್ಚಿದ ಹಾಗಾಗುತ್ತದೆ. ಒಣಗಿದ ಮೇಲೆ ಮತ್ತೆ ಹನಿ ಪರೀಕ್ಷೆ. ಹನಿ ಇನ್ನೂ ನಿಂತರೆ ಮತ್ತೊಮ್ಮೆ ತೊಳೆಯಿರಿ.

## ಹಂತ 3: ಕ್ಷಾರದಲ್ಲಿ ನೆನೆಸುವುದು

ಇದು ಕಡ್ಡಾಯವಲ್ಲ. ಮೊದಲ ಹಲಗೆಗೆ ಬಿಟ್ಟುಬಿಡಿ ಅಂತಲೇ ನಾನು ಹೇಳುತ್ತೇನೆ. ಒಣಗಿಸುವುದು ಕೈಗೆ ಹತ್ತಿದ ಮೇಲೆ ಇದನ್ನು ಸೇರಿಸಿ. ಇದರಿಂದ ಆಗುವುದೇನೆಂದರೆ ನಾರಿನಲ್ಲಿರುವ ಮೇಣ, ಪೆಕ್ಟಿನ್, ಹೆಮಿಸೆಲ್ಯುಲೋಸ್ (ನಾರನ್ನು ಬೆಸೆದಿಡುವ ಸಸ್ಯದ ವಸ್ತುಗಳು) ಸ್ವಲ್ಪ ಕರಗಿ ಮೈ ಒರಟಾಗುತ್ತದೆ. ಒರಟು ಮೈಗೆ ರೆಸಿನ್ ಹಿಡಿತ ಜಾಸ್ತಿ.

ಶೇ. 5ರ ಕಾಸ್ಟಿಕ್ ಸೋಡಾ ದ್ರಾವಣ ಸಾಕು. ಲೀಟರ್‌ಗೆ ಸುಮಾರು 50 ಗ್ರಾಂ. ಬಟ್ಟೆಯ ತೂಕದ 20 ಪಟ್ಟು ದ್ರಾವಣ ಇರಲಿ. 120 ಗ್ರಾಂ ಬಟ್ಟೆಗೆ 2.4 ಲೀಟರ್. ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಪ್ಲಾಸ್ಟಿಕ್ ಅಥವಾ ಸ್ಟೀಲ್ ಪಾತ್ರೆ ಬಳಸಿ. ಅಲ್ಯೂಮಿನಿಯಂ ಪಾತ್ರೆಯನ್ನು ಕಾಸ್ಟಿಕ್ ತಿನ್ನುತ್ತದೆ, ಬೆಂಕಿ ಹಿಡಿಯುವ ಹೈಡ್ರೋಜನ್ ಅನಿಲವೂ ಬರುತ್ತದೆ.

ದ್ರಾವಣ ತಣ್ಣಗಾದ ಮೇಲೆ ಬಟ್ಟೆ ಮುಳುಗಿಸಿ. ಕೋಣೆಯ ಬಿಸಿಯಲ್ಲೇ ಒಂದು ಗಂಟೆ. ದ್ರಾವಣ ಕಡು ಚಹಾ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಬರಬೇಕಾದದ್ದೇ. ತೆಗೆದು ನಾಲ್ಕೈದು ಸಲ ನೀರಲ್ಲಿ ಜಾಲಿಸಿ. ಶೇ. 1ರ ಅಸಿಟಿಕ್ ಆಮ್ಲದಲ್ಲಿ ಅದ್ದಿ. ಮಾಮೂಲಿ ವಿನೆಗರ್‌ನಲ್ಲಿ ಶೇ. 4–5 ಇರುವುದರಿಂದ ಒಂದು ಪಾಲಿಗೆ ಮೂರು ಅಥವಾ ನಾಲ್ಕು ಪಾಲು ನೀರು ಬೆರೆಸಿದರೆ ಆಯಿತು. ಮತ್ತೆ ಜಾಲಿಸಿ. ಹಿಂಡಿದ ನೀರಿಗೆ ಪಿಎಚ್ ಪಟ್ಟಿ ತಾಗಿಸಿದರೆ 7 ತೋರಿಸಬೇಕು. ಬಟ್ಟೆಯ ಮೇಲ್ಮೈಗೆ ತಾಗಿಸಿ ನೋಡಿದರೆ ಸಾಲದು, ಎಳೆಯ ಒಳಗೆ ಕ್ಷಾರ ಉಳಿದಿರುತ್ತದೆ.

ಜಾಸ್ತಿ ಹೊತ್ತು ನೆನೆಸಿದರೆ ಜಾಸ್ತಿ ಒಳ್ಳೆಯದು ಅನ್ನುವ ಆಸೆ ಬೇಡ. ರಾತ್ರಿಯಿಡೀ ನೆನೆಸಿದರೆ, ದ್ರಾವಣ ಕಡುವಾದರೆ ನಾರೇ ದುರ್ಬಲವಾಗುತ್ತದೆ. ಒಣಗಿದ ಮೇಲೆ ನೆನೆಸಿದ ಬಟ್ಟೆಯಿಂದ ಒಂದು ಎಳೆ, ನೆನೆಸದ ಬಟ್ಟೆಯಿಂದ ಒಂದು ಎಳೆ ಎಳೆದು ಕಿತ್ತು ನೋಡಿ. ನೆನೆಸಿದ್ದು ಥಟ್ಟನೆ ಹರಿದರೆ ಆ ಬಟ್ಟೆಯನ್ನು ಹಲಗೆಗೆ ಹಾಕಬೇಡಿ.

## ಹಂತ 4: ಕತ್ತರಿಸುವುದು

ತೊಳೆದು, ಗಾಳಿಗೆ ಒಣಗಿ, ಕುಗ್ಗುವುದೆಲ್ಲ ಕುಗ್ಗಿದ ಮೇಲೆ 30 × 30 ಅಳತೆಗೆ ನಾಲ್ಕು ತುಂಡು ಕತ್ತರಿಸಿ. ಕತ್ತರಿಸುವ ಗೆರೆಯ ಮೇಲೆ ಕಾಗದದ ಟೇಪ್ ಹಚ್ಚಿ ಅದರ ಮಧ್ಯದಲ್ಲಿ ಕತ್ತರಿಸಿದರೆ ಅಂಚಿನ ಎಳೆ ಉದುರುವುದಿಲ್ಲ. ಓವನ್‌ಗೆ ಹಾಕುವ ಮೊದಲು ಟೇಪ್ ತೆಗೆಯಿರಿ, ಇಲ್ಲದಿದ್ದರೆ ಅಂಟು ಬಟ್ಟೆಗೇ ಹತ್ತುತ್ತದೆ. ಹಾಸಿನ ಎಳೆ ಯಾವ ದಿಕ್ಕು ಅಂತ ಪ್ರತಿ ತುಂಡಿನ ಮೂಲೆಯಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಮೇಲಿನ ಎರಡು, ಕೆಳಗಿನ ಎರಡು ಪದರ ಕನ್ನಡಿಯಲ್ಲಿ ಕಂಡ ಹಾಗೆ ಹೊಂದಬೇಕು. ಹೊಂದದಿದ್ದರೆ ಹಲಗೆ ಗಟ್ಟಿಯಾದ ಮೇಲೆ ಸೊಟ್ಟಗಾಗುತ್ತದೆ.

## ಹಂತ 5: ಕೊನೆಯ ಒಣಗಿಸುವಿಕೆ

ಎಲ್ಲರೂ ಹಾರಿಸುವ ಹಂತ ಇದೇ. ಬಿಸಿಲಿಗೆ ಒಣಗಿಸಿದ್ದೇನಲ್ಲ, ಸಾಲದಾ ಅಂತ ಕೇಳುತ್ತಾರೆ. ಸಾಲದು. ಬಿಸಿಲಿಗೆ ಹೋಗುವುದು ಮೇಲಿನ ಒದ್ದೆ. ನಾರಿನೊಳಗೆ ಹಿಡಿದುಕೊಂಡಿರುವ ನೀರು ಪೂರ್ತಿ ಹೋಗಲು ಶಾಖ ಬೇಕು.

ನಾಲ್ಕೂ ತುಂಡು ಒಟ್ಟಿಗೆ ತೂಗಿ ಬರೆದಿಡಿ. 120 ಗ್ರಾಂ ಅಂತ ಇಟ್ಟುಕೊಳ್ಳೋಣ. ಒಂದರ ಮೇಲೊಂದು ಪೇರಿಸದೆ ಓವನ್‌ನಲ್ಲಿ ಬಿಡಿಬಿಡಿಯಾಗಿ ನೇತುಹಾಕಿ. 100ರಿಂದ 105 ಡಿಗ್ರಿ, ಎರಡು ಗಂಟೆ. ತೆಗೆದು ತೂಗಿ. ಮತ್ತೆ ಅರ್ಧ ಗಂಟೆ ಇಟ್ಟು ತೂಗಿ. ಹಿಂದಿನ ತೂಕಕ್ಕೂ ಈಗಿನದ್ದಕ್ಕೂ ವ್ಯತ್ಯಾಸ ಇಲ್ಲದಿದ್ದರೆ ಒಣಗಿತು. ಗಂಟೆ ನೋಡಿ ತೆಗೆಯಬೇಡಿ, ತೂಕ ನೋಡಿ ತೆಗೆಯಿರಿ. ನಮ್ಮ 120 ಗ್ರಾಂ ಈಗ 108 ಆಗಿದೆ. ಹೋದ 12 ಗ್ರಾಂ ಬರೀ ನೀರು. ಒಣಗಿಸದಿದ್ದರೆ ಅದೆಲ್ಲ ರೆಸಿನ್ ಒಳಗೆ ಸಿಕ್ಕಿಕೊಳ್ಳುತ್ತಿತ್ತು, ಯೋಚನೆ ಮಾಡಿ.

ಒಂದು ಆಟ ಆಡಿ ನೋಡಿ. ಓವನ್‌ನಿಂದ ತೆಗೆದ ಒಂದು ತುಂಡು ಆರಿದ ಮೇಲೆ ತೂಕದ ಯಂತ್ರದ ಮೇಲೆ ಇಟ್ಟು ಸುಮ್ನೆ ನಿಂತು ನೋಡಿ. 27.0 ಇದ್ದದ್ದು 27.1 ಆಗುತ್ತದೆ. ನೋಡುತ್ತಿದ್ದಂತೆಯೇ 27.2. ಯಾರೂ ಮುಟ್ಟಿಲ್ಲ, ಏನೂ ಬಿದ್ದಿಲ್ಲ. ಕೋಣೆಯ ಗಾಳಿಯಿಂದಲೇ ಬಟ್ಟೆ ನೀರು ಹೀರುತ್ತಿದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಒಣಗಿಸಿದ ಬಟ್ಟೆಯನ್ನು ಮೇಜಿನ ಮೇಲೆ ಬಿಟ್ಟು ಚಹಾ ಕುಡಿಯಲು ಹೋಗುವುದಿಲ್ಲ.

ಆದ್ದರಿಂದ ಓವನ್‌ನಿಂದ ತೆಗೆದ ಕೂಡಲೇ ಸಿಲಿಕಾ ಜೆಲ್ ಇರುವ ಚೀಲಕ್ಕೆ ಹಾಕಿ ಮುಚ್ಚಿ. ಆರುವುದು ಚೀಲದೊಳಗೇ. ರೆಸಿನ್ ಕಲಸಿ ಆದ ಮೇಲೆಯೇ ಚೀಲ ತೆರೆಯಬೇಕು, ಒಂದೊಂದೇ ತುಂಡು ತೆಗೆಯಬೇಕು.

ಬಟ್ಟೆಯ ಬಣ್ಣ ಕಂದಿ ಸುಟ್ಟ ವಾಸನೆ ಬಂದರೆ ಓವನ್ ಜಾಸ್ತಿ ಕಾದಿದೆ. ಎಷ್ಟೋ ಸಣ್ಣ ಓವನ್‌ಗಳಲ್ಲಿ ಗುಂಡಿ ತೋರಿಸುವುದೇ ಒಂದು, ಒಳಗಿರುವುದೇ ಇನ್ನೊಂದು. ಬೇರೆ ಥರ್ಮಾಮೀಟರ್ ಇಟ್ಟು ನೋಡಿ.

## ಹಂತ 6: ಓವನ್ ಓಡುತ್ತಿರುವಾಗಲೇ ಅಚ್ಚು ಮತ್ತು ಬ್ಯಾಗ್

ಬಟ್ಟೆ ಒಣಗುವ ಎರಡು ಮೂರು ಗಂಟೆಯಲ್ಲಿ ಈ ಕೆಲಸ ಮುಗಿಸಬೇಕು. ಆಮೇಲೆ ಮಾಡುತ್ತೇನೆ ಅಂದರೆ ಒಣಗಿದ ಬಟ್ಟೆ ಕಾಯುತ್ತಾ ಕೂರುತ್ತದೆ.

ಗಾಜನ್ನು ಒರೆಸಿ, ಮೇಣ ಹಚ್ಚಿ, ಒಣಗಲು ಬಿಟ್ಟು, ಹೊಳಪು ಬರುವಂತೆ ಉಜ್ಜಿ. ಹೊಸ ಅಚ್ಚಿಗೆ ಹೀಗೆ ನಾಲ್ಕೈದು ಸಲ. ಸೀಲಂಟ್ ಟೇಪ್ ಕೂರುವ ಅಂಚಿಗೆ ಮಾತ್ರ ಮೇಣ ತಾಗಬಾರದು, ಅಲ್ಲಿ ಟೇಪ್ ಹಿಡಿಯದೆ ಗಾಳಿ ಸೋರುತ್ತದೆ. ಮೊದಲೇ ಆ ಜಾಗಕ್ಕೆ ಕಾಗದದ ಟೇಪ್ ಹಚ್ಚಿಟ್ಟು, ಮೇಣದ ಕೆಲಸ ಆದ ಮೇಲೆ ಕಿತ್ತುಬಿಡಿ.

ಈಗ ರೆಸಿನ್ ಇಲ್ಲದೆ, ಬರೀ ಬ್ರೀದರ್ ಬಟ್ಟೆ ಇಟ್ಟು ಬ್ಯಾಗ್ ಮುಚ್ಚಿ ಪಂಪ್ ಓಡಿಸಿ. ಪಂಪ್ ಕೊಳವೆ ಬಂದ್ ಮಾಡಿ ಹತ್ತು ನಿಮಿಷ ಗೇಜ್ ನೋಡಿ. ಮುಳ್ಳು ಅಲ್ಲಾಡದೆ ನಿಂತರೆ ಸರಿ. ಇಳಿಯುತ್ತಾ ಬಂದರೆ ಎಲ್ಲೋ ಸೋರುತ್ತಿದೆ. ಕಿವಿ ಹತ್ತಿರ ಇಟ್ಟು ಅಂಚಿನುದ್ದಕ್ಕೂ ಹೋದರೆ ಸಣ್ಣ ಸಿಳ್ಳೆಯಂಥ ಸದ್ದು ಕೇಳುತ್ತದೆ. ಹೆಚ್ಚಾಗಿ ಮೂಲೆಯಲ್ಲಿ, ಇಲ್ಲವೇ ಬ್ಯಾಗ್ ಮಡಿಕೆಯಲ್ಲಿ. ರೆಸಿನ್ ಹಾಕಿದ ಮೇಲೆ ಸೋರಿಕೆ ಹುಡುಕುವ ಪಾಡು ಯಾರಿಗೂ ಬೇಡ.

ಪಂಪ್ ಇಲ್ಲವೇ? ಎರಡು ಗಾಜಿನ ಅಥವಾ ತಗಡಿನ ನಡುವೆ ಇಟ್ಟು ಮೇಲೆ ತೂಕ ಹೇರಬಹುದು. ಆದರೆ ಎರಡಕ್ಕೂ ಇರುವ ಅಂತರ ತಿಳಿದಿರಲಿ. 0.8 ಬಾರ್ ವ್ಯಾಕ್ಯೂಮ್ (ಹೊರಗಿನ ಗಾಳಿಯ ಒತ್ತಡಕ್ಕಿಂತ ಅಷ್ಟು ಕಡಿಮೆ) ಅಂದರೆ ಈ 30 × 30 ಹಲಗೆಯ ಮೇಲೆ ಸುಮಾರು 730 ಕಿಲೋ ಇಟ್ಟ ಹಾಗೆ. ನೀವು ಹೇರುವ ನಾಲ್ಕು ಇಟ್ಟಿಗೆ ಅದರ ಮುಂದೆ ಏನೂ ಅಲ್ಲ. ಹಲಗೆ ದಪ್ಪವಾಗುತ್ತದೆ, ರೆಸಿನ್ ಜಾಸ್ತಿ ಉಳಿಯುತ್ತದೆ, ಗುಳ್ಳೆಯೂ ಸ್ವಲ್ಪ ಇರುತ್ತದೆ. ಕಲಿಯಲು ಅಡ್ಡಿಯಿಲ್ಲ.

## ಹಂತ 7: ರೆಸಿನ್ ಲೆಕ್ಕ ಮತ್ತು ಕಲಸುವುದು

ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಹಲಗೆಯ ತೂಕದಲ್ಲಿ ನಾರು ಶೇ. 35, ರೆಸಿನ್ ಶೇ. 65 ಅಂತ ಹಿಡಿಯಿರಿ. ಒಣ ನಾರು 108 ಗ್ರಾಂ. ಹಾಗಾದರೆ ರೆಸಿನ್ 108 × 65 ÷ 35, ಅಂದರೆ 200 ಗ್ರಾಂ. ಬ್ರಷ್‌ಗೆ, ಡಬ್ಬಿಗೆ ಅಂಟಿ ಹೋಗುವುದಕ್ಕೆ ಇನ್ನು 20. ಒಟ್ಟು 220 ಗ್ರಾಂ. ನಿಮ್ಮ ಎಪಾಕ್ಸಿಯ ಪ್ರಮಾಣ ತೂಕದಲ್ಲಿ 100ಕ್ಕೆ 30 ಇದ್ದರೆ ರೆಸಿನ್ 169 ಗ್ರಾಂ, ಹಾರ್ಡನರ್ 51 ಗ್ರಾಂ. ಡಬ್ಬಿಯ ಮೇಲೆ ಬರೆದ ಪ್ರಮಾಣ ತೂಕದ್ದೋ ಗಾತ್ರದ್ದೋ (ಮಿ.ಲೀ. ಲೆಕ್ಕ) ಎರಡು ಸಲ ಓದಿ. ಎರಡೂ ಬೇರೆ ಬೇರೆ.

ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕುವವರಿದ್ದಾರೆ. ಪಾಲಿಯೆಸ್ಟರ್‌ನಲ್ಲಿ ಕ್ಯಾಟಲಿಸ್ಟ್ ಸ್ವಲ್ಪ ಹೆಚ್ಚು ಕಡಿಮೆ ಮಾಡಿ ಅಭ್ಯಾಸ ಆದವರದ್ದು ಈ ತಪ್ಪು. ಎಪಾಕ್ಸಿಯಲ್ಲಿ ಹಾರ್ಡನರ್ ಒಂದು ಪಾಲುದಾರ, ಪ್ರಮಾಣ ತಪ್ಪಿದರೆ ಹೆಚ್ಚಾದ ಭಾಗ ಹಾಗೆಯೇ ಉಳಿದು ಹಲಗೆ ರಬ್ಬರ್‌ನಂತೆ ಮೆತ್ತಗೆ ನಿಲ್ಲುತ್ತದೆ.

ಮೂರು ನಿಮಿಷ ನಿಧಾನವಾಗಿ ಕಲಸಿ. ಗೋಡೆ, ತಳ ಕೆರೆದು ಕಲಸಿ. ಆಮೇಲೆ ಇನ್ನೊಂದು ಶುಚಿ ಡಬ್ಬಿಗೆ ಸುರಿದು ಮತ್ತೊಂದು ನಿಮಿಷ ಕಲಸಿ. ಮೊದಲ ಡಬ್ಬಿಯ ತಳದಲ್ಲಿ ಕಲಸದೆ ಉಳಿದದ್ದು ಅಲ್ಲೇ ಉಳಿಯಲಿ, ಕೆರೆದು ಹಾಕಬೇಡಿ. ಅಂಟಂಟಾದ ಮಚ್ಚೆಗಳಿಗೆ ಎಷ್ಟೋ ಸಲ ಅದೇ ಕಾರಣ.

ಕಲಸಿದ್ದನ್ನು ಅಗಲವಾದ ತಟ್ಟೆಗೆ ಸುರಿಯಿರಿ. ಎತ್ತರದ ಲೋಟದಲ್ಲಿ ಗುಂಪಾಗಿ ಬಿಟ್ಟರೆ ತನ್ನ ಶಾಖಕ್ಕೆ ತಾನೇ ಕಾದು, ಹೊಗೆ ಬಂದು, ಲೋಟ ಕರಗಿಯೇ ಹೋಗಬಹುದು. ಮುಟ್ಟಿದಾಗ ಬಿಸಿ ಅನಿಸತೊಡಗಿದರೆ ಅದನ್ನು ಬಿಟ್ಟುಬಿಡಿ, ಹೊರಗೆ ತೆರೆದ ಜಾಗದಲ್ಲಿ ಇಡಿ.

ಒಂದು ಹನಿಯನ್ನು ಪ್ಲಾಸ್ಟಿಕ್ ಚೂರಿನ ಮೇಲೆ ತೆಳ್ಳಗೆ ಬಳಿದು ಅಚ್ಚಿನ ಪಕ್ಕ ಇಡಿ. ಮುಂದೆ ಬೇಕಾಗುತ್ತದೆ.

## ಹಂತ 8: ಪದರ ಹಾಕುವುದು

ಮೊದಲು ಅಚ್ಚಿನ ಮೇಲೆ ರೆಸಿನ್ ಬಳಿಯಿರಿ, ಆಮೇಲೆ ಬಟ್ಟೆ ಇಡಿ. ಒಣ ಬಟ್ಟೆ ಇಟ್ಟು ಮೇಲಿಂದ ಸುರಿದರೆ ಕೆಳಗಿನ ಗಾಳಿಗೆ ಹೋಗಲು ದಾರಿಯೇ ಇರುವುದಿಲ್ಲ. ಕೆಳಗಿನಿಂದ ರೆಸಿನ್ ಮೇಲಕ್ಕೆ ಏರಿ ಬರಲಿ.

ಇಲ್ಲಿ ಅವಸರ ಮಾಡದೆ ಬಣ್ಣ ನೋಡಿ. ಒಣ ಸೆಣಬು ತೆಳು ಕಂದು. ರೆಸಿನ್ ಕುಡಿದದ್ದು ಜೇನಿನ ಬಣ್ಣ. ಮೊದಲು ಎಳೆಗಳ ನಡುವಿನ ಸಂದಿನ ಬಣ್ಣ ಗಾಢವಾಗುತ್ತದೆ, ಎಳೆಯ ಬೆನ್ನು ಇನ್ನೂ ಬಿಳಿಚಿಕೊಂಡಿರುತ್ತದೆ. ಎರಡು ಮೂರು ನಿಮಿಷ ಕಾದರೆ ಆ ಬೆನ್ನಿನ ಮೇಲೂ ಬಣ್ಣ ನಿಧಾನವಾಗಿ ಹರಡುತ್ತದೆ. ಎಳೆಯ ಬೆನ್ನಿನ ಬಣ್ಣವೂ ಗಾಢವಾದ ಮೇಲೆಯೇ ಮುಂದಿನ ಪದರ. ಸಂದು ತುಂಬಿತು ಅಂತ ಮುಂದೆ ಹೋದರೆ ಒಳಗೆ ಒಣ ಎಳೆ ಉಳಿದು, ಮೊದಲೇ ಹೇಳಿದ ಮಚ್ಚೆ ಬರುತ್ತದೆ.

200 ಗ್ರಾಂ ಅನ್ನು ನಾಲ್ಕು ಪದರಕ್ಕೂ ಸಮನಾಗಿ ಹಂಚಿ, ಪದರಕ್ಕೆ ಸುಮಾರು 50. ರೋಲರ್ ಅನ್ನು ಮಧ್ಯದಿಂದ ಅಂಚಿಗೆ ಉರುಳಿಸಿ, ಹಗುರವಾಗಿ. ಒತ್ತಿ ಉರುಳಿಸಿದರೆ ರೆಸಿನ್ ಹೊರಗೆ ಹೋಗಿ ನಾರು ಮತ್ತೆ ಸ್ಪಂಜಿನಂತೆ ಉಬ್ಬುವಾಗ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಬ್ರಷ್‌ನಿಂದ ಎಳೆಯಬೇಡಿ, ಕುಟ್ಟಿ. ಎಳೆದರೆ ನೇಯ್ಗೆ ಓರೆಯಾಗುತ್ತದೆ.

ಕೋಣೆ ತಣ್ಣಗಿದ್ದರೆ ರೆಸಿನ್ ದಪ್ಪವಾಗಿರುತ್ತದೆ, ಇಳಿಯುವುದಿಲ್ಲ. ಬಿಸಿ ಜಾಸ್ತಿಯಾದರೆ ಚೆನ್ನಾಗಿ ಇಳಿಯುತ್ತದೆ ಆದರೆ ಸಮಯ ಸಿಗುವುದಿಲ್ಲ. 25 ಡಿಗ್ರಿ ಆಸುಪಾಸು ಕೈಗೆ ಹೊಂದುತ್ತದೆ. ಮಳೆಯ ದಿನ, ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ಕೆಲಸ ಮುಂದೂಡಿ.

## ಹಂತ 9: ವ್ಯಾಕ್ಯೂಮ್, ಗಟ್ಟಿಯಾಗುವುದು

ಮೇಲೆ ಪೀಲ್ ಪ್ಲೈ, ಅದರ ಮೇಲೆ ತೂತಿನ ರಿಲೀಸ್ ಹಾಳೆ, ಅದರ ಮೇಲೆ ಬ್ರೀದರ್, ಕೊನೆಗೆ ಬ್ಯಾಗ್. ಈ ಕ್ರಮ ತಪ್ಪಿದರೆ ಬ್ರೀದರ್ ಹಲಗೆಗೇ ಅಂಟಿ ಎರಡನ್ನೂ ಎಸೆಯಬೇಕಾಗುತ್ತದೆ.

ಪಂಪ್‌ನಿಂದ ಎಷ್ಟು ಸಾಧ್ಯವೋ ಅಷ್ಟೂ ಎಳೆಯಬೇಡಿ. ಗ್ಲಾಸ್ ಫೈಬರ್ ಮಾಡುವವರ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಒತ್ತಡ ಕಡಿಮೆಯಾದಂತೆ ನೀರು ಕುದಿಯುವ ಬಿಸಿಯೂ ಇಳಿಯುತ್ತದೆ. ಒತ್ತಡ ಪಾದರಸದ 24 ಮಿ.ಮೀ.ಗೆ ಇಳಿದರೆ ನೀರು 25 ಡಿಗ್ರಿಯಲ್ಲೇ ಕುದಿಯುತ್ತದೆ. ನಾರಿನಲ್ಲಿ ಸ್ವಲ್ಪವಾದರೂ ನೀರು ಉಳಿದೇ ಇರುತ್ತದೆ. ರೆಸಿನ್ ಗಟ್ಟಿಯಾಗುವಾಗ ಬರುವ ಶಾಖವೂ ಅದಕ್ಕೆ ಸೇರುತ್ತದೆ. ಹಾಗಾಗಿ ನಾನು ಗೇಜ್ 0.8 ಬಾರ್ ತೋರಿಸಿದಾಗ ನಿಲ್ಲಿಸುತ್ತೇನೆ. ಬ್ಯಾಗ್ ಕೆಳಗೆ ಸಣ್ಣ ಗುಳ್ಳೆಗಳು ಒಂದೇ ಸಮನೆ ಹುಟ್ಟುತ್ತಲೇ ಇದ್ದರೆ ಎರಡೇ ಕಾರಣ: ಸೋರಿಕೆ ಅಥವಾ ತೇವ. ಒಂದೇ ಜಾಗದಿಂದ ಸಾಲಾಗಿ ಬಂದರೆ ಸೋರಿಕೆ. ಇಡೀ ಹಲಗೆಯ ಮೇಲೆ ಬಂದರೆ ತೇವ. ತೇವವಾದರೆ ವ್ಯಾಕ್ಯೂಮ್ ಸ್ವಲ್ಪ ಇಳಿಸಿ, ಮುಂದಿನ ಸಲ ಹಂತ 5ಕ್ಕೆ ಹೋಗಿ.

ಗಟ್ಟಿಯಾಯಿತೇ ಅಂತ ಡಬ್ಬಿಯಲ್ಲಿ ಉಳಿದ ರೆಸಿನ್ ಮುಟ್ಟಿ ನೋಡುವವರು ಮೋಸ ಹೋಗುತ್ತಾರೆ. ಡಬ್ಬಿಯಲ್ಲಿ ಗುಂಪಾಗಿರುವುದರಿಂದ ಅದು ಬೇಗ ಗಟ್ಟಿಯಾಗುತ್ತದೆ, ತೆಳು ಹಲಗೆ ತಡ. ಪಕ್ಕದಲ್ಲಿ ಬಳಿದಿಟ್ಟ ತೆಳು ಹನಿಯನ್ನು ಉಗುರಿನಿಂದ ಒತ್ತಿ. ಗುರುತು ಬೀಳದಿದ್ದರೆ ಪಂಪ್ ಆರಿಸಬಹುದು. 24 ಗಂಟೆ ಅಚ್ಚಿನಲ್ಲೇ ಬಿಡಿ. ಆಮೇಲೆ ರೆಸಿನ್ ತಯಾರಕರು ಹೇಳಿದಷ್ಟು ಹೊತ್ತು, ಹೆಚ್ಚಾಗಿ 60 ಡಿಗ್ರಿ ಹತ್ತಿರ, ಮಟ್ಟಸವಾದ ತಗಡಿನ ಮೇಲೆ ಇಟ್ಟು ಕಾಯಿಸಿ. ನಿಧಾನವಾಗಿ ಬಿಸಿ ಏರಿಸಿ, ನಿಧಾನವಾಗಿ ಇಳಿಸಿ.

## ಹಂತ 10: ತೂಗಿ, ಅಳೆದು, ತಟ್ಟಿ ನೋಡುವುದು

ಅಂಚಿಗೆ ಹರಿದ ರೆಸಿನ್ ಕತ್ತರಿಸಿ ಹಲಗೆ ತೂಗಿ. 290 ಗ್ರಾಂ ಬಂತು ಅಂದುಕೊಳ್ಳಿ. ನಾರು 108 ಕಳೆದರೆ ರೆಸಿನ್ 182. ಉಳಿದದ್ದು ಬ್ರೀದರ್ ಕುಡಿದಿದೆ. ಸೆಣಬಿನ ಸಾಂದ್ರತೆ ಘನ ಸೆಂ.ಮೀ.ಗೆ 1.4 ಗ್ರಾಂ, ಎಪಾಕ್ಸಿಯದ್ದು 1.15 ಅಂತ ಹಿಡಿದರೆ ನಾರು 77, ರೆಸಿನ್ 158, ಒಟ್ಟು 235 ಘನ ಸೆಂ.ಮೀ. ಈ ಅಳತೆಗೆ ದಪ್ಪ 2.6 ಮಿ.ಮೀ. ಬರಬೇಕು. ಹತ್ತು ಕಡೆ ಅಳೆದಾಗ ಸರಾಸರಿ 2.75 ಬಂದರೆ? ನಿಜವಾದ ಗಾತ್ರ 247.5. ಹೆಚ್ಚಾದ 12 ಘನ ಸೆಂ.ಮೀ. ಗಾಳಿ, ಶೇ. 5ರಷ್ಟು. ಮೊದಲ ಹಲಗೆಗೆ ಪರವಾಗಿಲ್ಲ. ಎರಡನೆಯದರಲ್ಲಿ ಇಳಿಯಬೇಕು. ಪೀಲ್ ಪ್ಲೈ ಬಿಟ್ಟ ಒರಟು ಮೈಯಿಂದ ಅಳತೆ ಕೂದಲೆಳೆಯಷ್ಟು ಜಾಸ್ತಿ ತೋರಿಸುತ್ತದೆ ಅನ್ನುವುದು ನೆನಪಿರಲಿ.

ಗ್ಲಾಸ್ ಫೈಬರ್‌ನವರು ಚೂರು ಸುಟ್ಟು, ಉಳಿದ ನಾರು ತೂಗಿ ಪ್ರಮಾಣ ಕಂಡುಹಿಡಿಯುತ್ತಾರೆ. ಇಲ್ಲಿ ಅದನ್ನು ಮಾಡಿದರೆ ನಾರೂ ಸುಟ್ಟು ಬೂದಿಯೇ ಸಿಗುತ್ತದೆ. ಅದಕ್ಕೇ ಒಣ ನಾರಿನ ತೂಕ ಮೊದಲೇ ಬರೆದಿಡಬೇಕು ಅಂದದ್ದು.

ನಾಣ್ಯದಿಂದ ಹಲಗೆಯ ಮೈಯೆಲ್ಲ ತಟ್ಟಿ. ಟಣ್ ಅಂದರೆ ಗಟ್ಟಿ. ಡಬ್ ಅಂದ ಜಾಗದಲ್ಲಿ ಪದರ ಬಿಟ್ಟಿದೆ, ಪೆನ್ಸಿಲ್‌ನಿಂದ ಸುತ್ತು ಹಾಕಿ ಅಲ್ಲೇ ಕತ್ತರಿಸಿ ನೋಡಿ. ಬಿಟ್ಟ ಮುಖದಲ್ಲಿ ನಾರು ರೆಸಿನ್ ಇಲ್ಲದೆ ಬರಿದಾಗಿ ನುಣ್ಣಗೆ ಕಂಡರೆ ಎಣ್ಣೆ ಅಥವಾ ತೇವದ ಕೆಲಸ. ನಾರು ಹರಿದು ಕೂದಲಿನಂತೆ ಎದ್ದಿದ್ದರೆ ಅಂಟು ಚೆನ್ನಾಗಿಯೇ ಇತ್ತು, ಬಲ ಜಾಸ್ತಿ ಬಿತ್ತು.

## ಹಂತ 11: ಕತ್ತರಿಸಿದ ಅಂಚು ಮುಚ್ಚುವುದು

ಸಣ್ಣ ಹಲ್ಲಿನ ಗರಗಸದಲ್ಲಿ ಕತ್ತರಿಸಿ, ಮಾಸ್ಕ್ ಹಾಕಿಕೊಂಡು. ಕತ್ತರಿಸಿದ ಅಂಚಿನಲ್ಲಿ ಪ್ರತಿ ಎಳೆಯ ಬಾಯಿ ತೆರೆದಿರುತ್ತದೆ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಅದು ನೀರು ಎಳೆಯುತ್ತದೆ. ನಾರು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಹೀಗೆ ಆಗುತ್ತಾ ಆಗುತ್ತಾ ರೆಸಿನ್‌ನ ಹಿಡಿತ ಬಿಡುತ್ತದೆ. ಮೇಲ್ಮೈಗೆ ಎಷ್ಟು ಬಣ್ಣ ಹಚ್ಚಿದರೂ ಅಂಚು ಬಿಟ್ಟರೆ ಪ್ರಯೋಜನ ಇಲ್ಲ.

ಕತ್ತರಿಸಿದ ಹಲಗೆಯನ್ನು 60 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ, ಅದೇ ದಿನ ಅಂಚಿಗೆ ಎಪಾಕ್ಸಿ ಬಳಿಯಿರಿ. ಮೊದಲ ಲೇಪನವನ್ನು ಎಳೆಗಳು ಕುಡಿದುಬಿಡುತ್ತವೆ, ಕಣ್ಣಿಗೆ ಏನೂ ಉಳಿದಂತೆ ಕಾಣುವುದಿಲ್ಲ. ಎರಡನೆಯದು ಬೇಕೇ ಬೇಕು. ಮೊಳೆ, ತಿರುಪಿಗೆ ಕೊರೆದ ತೂತಿನ ಒಳಗೋಡೆಗೂ ಇದೇ ಕೆಲಸ.

ಇದಾದರೂ ಸದಾ ನೀರಲ್ಲಿರುವ ಕೆಲಸಕ್ಕೆ, ಮುರಿದರೆ ಯಾರಿಗಾದರೂ ಪೆಟ್ಟಾಗುವ ಭಾಗಕ್ಕೆ ಈ ಹಲಗೆ ಬಳಸಬೇಡಿ. ಇನ್ನೊಂದು ಮಾತು. ನಾರು ಸಸ್ಯದ್ದು ಅಂದ ಮಾತ್ರಕ್ಕೆ ಇದು ಮಣ್ಣಲ್ಲಿ ಕೊಳೆಯುತ್ತದೆ ಅಂತ ಯಾರಿಗೂ ಹೇಳಬೇಡಿ. ಎಪಾಕ್ಸಿ ಹಾಗೆ ಕೊಳೆಯುವುದಿಲ್ಲ.

## ಎಪಾಕ್ಸಿ ಬೇಡ ಅನ್ನುವವರಿಗೆ

ಪಾಲಿಪ್ರೊಪಿಲೀನ್ ಅಥವಾ ಪಿಎಲ್‌ಎ (ಎರಡೂ ಬಿಸಿಗೆ ಕರಗುವ ಪ್ಲಾಸ್ಟಿಕ್) ಹಾಳೆಯನ್ನು ಒಣ ಬಟ್ಟೆಯ ನಡುನಡುವೆ ಪೇರಿಸಿ ಬಿಸಿ ಪ್ರೆಸ್‌ನಲ್ಲಿ ಒತ್ತಿದರೂ ಹಲಗೆ ಆಗುತ್ತದೆ. ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿಯಲ್ಲಿ ಕರಗುತ್ತದೆ, ನಾರು 200 ದಾಟಿದರೆ ಸುಡಲು ಶುರು. ನಿಮಗಿರುವ ಜಾಗ ಇಷ್ಟೇ. 180 ಡಿಗ್ರಿಯಲ್ಲಿ ಕೆಲವೇ ನಿಮಿಷ ಒತ್ತಿ. ಸಕ್ಕರೆ ಸೀದ ವಾಸನೆ, ಕಡು ಕಂದು ಬಣ್ಣ ಬಂದರೆ ಶಾಖ ಅಥವಾ ಸಮಯ ಜಾಸ್ತಿಯಾಗಿದೆ. ಬಟ್ಟೆ ಒಣಗಿಸುವ ಹಂತ ಇಲ್ಲೂ ಹಾಗೆಯೇ. ಪಿಎಲ್‌ಎ ಆದರೆ ಹಾಳೆಯನ್ನೂ ಒಣಗಿಸಬೇಕು, ಬಿಸಿಯಲ್ಲಿ ತೇವ ಇದ್ದರೆ ಅದರ ಅಣುಗಳ ಸರಪಳಿಯೇ ತುಂಡಾಗುತ್ತದೆ. ಬರೀ ಪಾಲಿಪ್ರೊಪಿಲೀನ್ ನಾರಿಗೆ ಸರಿಯಾಗಿ ಅಂಟುವುದಿಲ್ಲ, ಹಿಡಿತ ಬರಲು ಮಲೇಯಿಕ್ ಆನ್‌ಹೈಡ್ರೈಡ್ ಎಂಬ ರಾಸಾಯನಿಕ ಸೇರಿಸಿದ ಪಾಲಿಪ್ರೊಪಿಲೀನ್ ದರ್ಜೆಯನ್ನು ಸ್ವಲ್ಪ ಬೆರೆಸಿದ ಹಾಳೆ ಬೇಕು.

## ಕೊನೆಗೆ ಶಾಯಿ ಪರೀಕ್ಷೆ

ಹಲಗೆಯಿಂದ ಎರಡು ಬೆರಳಗಲದ ಎರಡು ಪಟ್ಟಿ ಕತ್ತರಿಸಿ. ಒಂದರ ಅಂಚಿಗೆ ಎರಡು ಲೇಪನ ಹಾಕಿ, ಇನ್ನೊಂದನ್ನು ಹಾಗೆಯೇ ಬಿಡಿ. ಎರಡನ್ನೂ ತೂಗಿ ಬರೆದಿಟ್ಟು, ನೀಲಿ ಶಾಯಿ ಬೆರೆಸಿದ ನೀರಲ್ಲಿ ಒಂದು ಸೆಂ.ಮೀ. ಮುಳುಗುವಂತೆ ನಿಲ್ಲಿಸಿ. 24 ಗಂಟೆ ಬಿಟ್ಟು ಒರೆಸಿ ತೂಗಿ, ಉದ್ದಕ್ಕೆ ಸೀಳಿ ನೋಡಿ. ಲೇಪನ ಇಲ್ಲದ್ದರಲ್ಲಿ ನೀಲಿ ಎಳೆಯ ಜಾಡು ಹಿಡಿದು ಮೇಲಕ್ಕೆ ಹತ್ತಿರುತ್ತದೆ. ಎಲ್ಲಿ ಎಳೆಯೊಳಗೆ ರೆಸಿನ್ ಇಳಿದಿಲ್ಲವೋ ಅಲ್ಲಿ ಜಾಸ್ತಿ ಎತ್ತರ. ಲೇಪನ ಹಾಕಿದ್ದರಲ್ಲೂ ನೀಲಿ ಕಂಡರೆ ಅಂಚಿಗೆ ಮೂರನೇ ಲೇಪನ ಬೇಕು, ಮುಂದಿನ ಹಲಗೆಗೆ ಪದರಕ್ಕೆ ಇನ್ನೆರಡು ನಿಮಿಷ ಜಾಸ್ತಿ ಕಾಯಬೇಕು. ಸೀಳಿದ ಎರಡೂ ಪಟ್ಟಿಗಳ ಹಿಂದೆ ದಿನಾಂಕ, ಒಣ ನಾರಿನ ತೂಕ, ರೆಸಿನ್ ತೂಕ ಬರೆದು ಒಂದು ಡಬ್ಬಿಗೆ ಹಾಕಿಡಿ.